ಎಳೆಯ ಕುಸ್ತಿಪಟುಗಳಿಗೆ ಮೊದಲು ಪಟ್ಟು, ಬಳಿಕ ಸಾಮು

ಹಲಸೂರು, ಶಿವಾಜಿನಗರದ ಕಡೆಯಿಂದ ಶ್ರೀಮಠಕ್ಕೆ ಬರುವ ಸದ್ಭಕ್ತರಲ್ಲಿ ಮಕ್ಕಳನ್ನು ಕುಸ್ತಿಗೆ ಕಳುಹಿಸುವವರಿದ್ದಾರೆ. ಅವರ ಪ್ರಶ್ನೆ ಬಹುಮಟ್ಟಿಗೆ ಒಂದೇ: ಹುಡುಗನ ಮೈ ಯಾವಾಗ ತುಂಬೀತು?

ಪ್ರಶ್ನೆ ಸಹಜವಾದುದೇ. ಆದರೆ ಇಂದಿನ ಕುಸ್ತಿ ತೂಕದ ವಿಭಾಗಗಳಲ್ಲಿ ನಡೆಯುವ ಕ್ರೀಡೆ. ಬಾಗಲಕೋಟೆಯ ಅರ್ಜುನ ಹಲಕುರ್ಕಿಯವರು 2020ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದದ್ದು 55 ಕಿಲೋ ವಿಭಾಗದಲ್ಲಿ. ಎದುರಾಳಿಯೂ ಅಷ್ಟೇ ತೂಗುವಾಗ ಗೆಲುವನ್ನು ನಿರ್ಣಯಿಸುವುದು ಬಹುಪಾಲು ಪಟ್ಟು. ಹನ್ನೆರಡರ ಪ್ರಾಯದಲ್ಲೇ ಬಲಿತ ಹುಡುಗನು ಬರಿಯ ಬಲದಿಂದ ಗೆಲ್ಲುತ್ತಾನೆ, ಮನೆಯವರು ಹಿಗ್ಗುತ್ತಾರೆ. ಹದಿನಾರಕ್ಕೆ ಜೊತೆಯವರೂ ಬಲಿತಾಗ ಅವನ ಕೈಯಲ್ಲಿ ವಿದ್ಯೆ ಇರುವುದಿಲ್ಲ.

ಆದ್ದರಿಂದ ಅಭ್ಯಾಸದ ಕ್ರಮವೇ ಮುಖ್ಯ. ಮೈ ಬಿಸಿಯಾದ ಮೇಲೆ, ದಣಿವಿಗೆ ಮುನ್ನ, ಪಟ್ಟುಗಳನ್ನು ಕಲಿಯಬೇಕು. ದಣಿದ ದೇಹವು ತಪ್ಪು ಚಲನೆಯನ್ನೇ ರೂಢಿಸಿಕೊಳ್ಳುತ್ತದೆ. ದಂಡ, ಬಸ್ಕಿ, ಹಗ್ಗ ಹತ್ತುವುದು ಕೊನೆಗಿರಲಿ. ಬಲದ ಸಾಧನೆಗೆ ವಾರದಲ್ಲಿ ಎರಡು ಮೂರು ದಿನ ಸಾಕು. ಭಾರವೆತ್ತಿದರೆ ಮಗುವಿನ ಎತ್ತರ ಕುಗ್ಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಅಪಾಯವಿರುವುದು ಮೇಲ್ವಿಚಾರಣೆಯಿಲ್ಲದೆ ಅಳತೆ ಮೀರಿ ಎತ್ತುವುದರಲ್ಲಿ. ಗರಡಿಮನೆಯ ಗದೆ, ಕಲ್ಲುಗುಂಡುಗಳು ನೋಡಲು ಚೆನ್ನ. ಅವನ್ನು ಎತ್ತುವ ಹೊತ್ತನ್ನು ಗೊತ್ತುಮಾಡಬೇಕಾದವರು ಉಸ್ತಾದರು, ತಂದೆಯಲ್ಲ.

ಕುತ್ತಿಗೆಯ ಬಲವನ್ನು ಮಾತ್ರ ಮುಂದೂಡಬಾರದು. ತಲೆಕೆಳಗಾಗಿ ಬೀಳುವ ಸಂಭವವಿರುವ ಆಟವಿದು. ಮೊದಲ ತಿಂಗಳಿಂದಲೇ ಜೊತೆಗಾರನ ಅಂಗೈಗೆ ಹಣೆಯೊತ್ತಿ ಮೆಲ್ಲಗೆ ತಳ್ಳುವಂತಹ ಸರಳ ಸಾಧನೆ ನಡೆಯಲಿ. ತಲೆಯ ಮೇಲೆ ಮೈಭಾರ ಹಾಕುವ ಸಾಮು, ಉಸ್ತಾದರು ಒಪ್ಪಿದ ಮೇಲೆ.