ಲ್ಯಾಪ್‌ಟಾಪಿನ ಸ್ಪರ್ಶಫಲಕವೂ ಅದರ ಕೆಲವು ವ್ಯಾಧಿಗಳೂ

ನಾವು ಇಲ್ಲಿ ಅರಿಕೆಮಾಡಬೇಕೆಂದಿರುವ ವಿಷಯವು ಚಿಕ್ಕದು. ಆದರೆ ಅದನ್ನು ಅರಿಯದಿದ್ದರೆ ಆಗುವ ನಷ್ಟವು ಕೆಲವೊಮ್ಮೆ ಚಿಕ್ಕದಲ್ಲ. ವಿದ್ಯಾರ್ಥಿವೇತನದ ಅರ್ಜಿಯಾಗಲಿ, ಸಿ.ಇ.ಟಿ. ಪರೀಕ್ಷೆಯ ಅರ್ಜಿಯಾಗಲಿ ಈಗ ಅಂತರ್ಜಾಲದ ಮೂಲಕವೇ ಹೋಗಬೇಕಾಗಿರುವುದು. ಕಡೆಯ ದಿನದ ಸಂಜೆ ಪರದೆಯ ಮೇಲಣ ಬಾಣದ ಗುರುತು ಅಲುಗದೆ ನಿಂತುಬಿಟ್ಟರೆ ಯಂತ್ರವೇ ಕೆಟ್ಟಿತೆಂದು ಮನೆಯವರು ಕೈಚೆಲ್ಲುವುದುಂಟು. ಮರುದಿನ ಕೂಲಿಯನ್ನು ಬಿಟ್ಟು, ದೊಡ್ಡಬಳ್ಳಾಪುರದಿಂದಲೋ ಹೊಸಕೋಟೆಯಿಂದಲೋ ಬಸ್ಸು ಹತ್ತಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಸುತ್ತಿ ಬರುವಷ್ಟರಲ್ಲಿ ಅವಧಿಯು ಮುಗಿದಿರುವುದು. ಇಂಥ ವ್ಯಾಧಿಗಳಲ್ಲಿ ಬಹುಪಾಲು ಮನೆಯಲ್ಲಿಯೇ ಗುಣವಾಗತಕ್ಕವು.

ಮೊದಲು ಬೆರಳಿಗೂ ಬಾಣಕ್ಕೂ ಇರುವ ಸಂಬಂಧವನ್ನು ತಿಳಿಯೋಣ. 1968ನೆಯ ಇಸವಿಯಲ್ಲಿ ಅಮೆರಿಕೆಯ ಡಗ್ಲಸ್ ಎಂಗಲ್‌ಬಾರ್ಟ್ ಎಂಬವರು ಮೌಸನ್ನು ಸಭೆಯ ಮುಂದೆ ಪ್ರದರ್ಶಿಸಿದರು. ಮಡಿಲಲ್ಲಿಟ್ಟುಕೊಳ್ಳುವ ಯಂತ್ರಕ್ಕೆ ಮೌಸು ತೊಡಕಾದ್ದರಿಂದ, 1994ರಲ್ಲಿ ಆ್ಯಪಲ್ ಕಂಪೆನಿಯವರು ತಮ್ಮ ಪವರ್‌ಬುಕ್ಕಿನಲ್ಲಿ ಬೆರಳಾಡಿಸುವ ಹಲಗೆಯನ್ನು ಕೂಡಿಸಿದರು. ಇದೇ ಟಚ್‌ಪ್ಯಾಡ್, ಎಂದರೆ ಸ್ಪರ್ಶಫಲಕ. ಇದರ ನುಣುಪಾದ ಮೈಯ ಕೆಳಗೆ ಹಾಸು ಹೊಕ್ಕುಗಳಂತೆ ಅಡ್ಡಲಾಗಿಯೂ ಉದ್ದಲಾಗಿಯೂ ಸೂಕ್ಷ್ಮವಾದ ವಾಹಕದ ಎಳೆಗಳಿರುವುವು. ಮಗ್ಗದ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಈ ಎಳೆಗಳಲ್ಲಿ ಅತ್ಯಲ್ಪವಾದ ವಿದ್ಯುತ್ತು ನಿಂತಿರುತ್ತದೆ. ನಮ್ಮ ದೇಹವು ವಿದ್ಯುದ್ವಾಹಕವಾದ್ದರಿಂದ ಬೆರಳು ಸಮೀಪಿಸಿದೊಡನೆ ಆ ಸ್ಥಳದ ವಿದ್ಯುತ್ತಿನಲ್ಲಿ ಸ್ವಲ್ಪ ವ್ಯತ್ಯಾಸವುಂಟಾಗುವುದು. ಯಂತ್ರವು ಈ ವ್ಯತ್ಯಾಸವನ್ನು ಸೆಕೆಂಡಿಗೆ ಅನೇಕಾವರ್ತಿ ಅಳೆದು ಬೆರಳಿನ ಜಾಡನ್ನು ಹಿಡಿಯುತ್ತದೆ. ಆದುದರಿಂದ ಒತ್ತುವುದರಿಂದ ಪ್ರಯೋಜನವಿಲ್ಲ. ಬಟ್ಟೆ ಸುತ್ತಿದ ಬೆರಳಿಗಾಗಲಿ ಪೆನ್ನಿನ ತುದಿಗಾಗಲಿ ಬಾಣವು ಚಲಿಸದು.

ಇಷ್ಟನ್ನು ತಿಳಿದರೆ ಅರ್ಧ ಚಿಕಿತ್ಸೆಯು ತಾನಾಗಿಯೇ ಹೊಳೆಯುವುದು. ಪಾತ್ರೆ ತೊಳೆದ ಒದ್ದೆಕೈಯಿಂದ ಮುಟ್ಟಿದರೆ ನೀರಿನ ಪದರವನ್ನೂ ಬೆರಳೆಂದು ಬಗೆದು ಬಾಣವು ಹಾರಾಡುತ್ತದೆ. ಮುಂಗೈಯ ಲೋಹದ ಬಳೆಯು ಫಲಕದ ಮೇಲೆ ಒರಗಿದರೂ ಹೀಗಾಗಬಹುದು. (ಗಾಜಿನ ಬಳೆಗಳನ್ನು ಯಾರೂ ಇದಕ್ಕಾಗಿ ತೆಗೆದಿಡಬೇಕಾಗಿಲ್ಲ!) ಯಂತ್ರವನ್ನು ಆರಿಸಿ, ಒಣಗಿದ ಮೃದುವಾದ ಬಟ್ಟೆಯಿಂದ ಒರೆಸಿದರೆ ಸಾಕು.

ಚಾರ್ಜರನ್ನು ಸಿಕ್ಕಿಸಿದಾಗ ಮಾತ್ರ ಬಾಣವು ನಡುಗುತ್ತಿದ್ದರೆ ಕಾರಣವು ಬೇರೆ. ಚಾರ್ಜರಿನ ಮೂಲಕ ಅತ್ಯಲ್ಪವಾದ ವಿದ್ಯುತ್ತು ಯಂತ್ರದ ಮೈಗೆ ಸೋರುವುದು ಸಹಜ. ಅದು ಮೂರನೆಯ ಕಡ್ಡಿಯ ಮೂಲಕ ಭೂಮಿಗೆ ಇಳಿದುಹೋಗಬೇಕು. ಎರಡು ಕಡ್ಡಿಯ ಅಡಾಪ್ಟರನ್ನು ನಡುವೆ ಸೇರಿಸಿದರೆ, ಅಥವಾ ಗೋಡೆಯಲ್ಲಿ ಮೂರು ತೂತುಗಳಿದ್ದರೂ ಒಳಗೆ ಅರ್ತಿನ ತಂತಿಯೇ ಇಲ್ಲದಿದ್ದರೆ, ಅದಕ್ಕೆ ಇಳಿಯಲು ದಾರಿಯಿಲ್ಲ. ಆಗ ಫಲಕದ ಅಳತೆಯು ಕೆಡುವುದು; ಲೋಹದ ಮೈಯನ್ನು ಮುಟ್ಟಿದರೆ ಸಣ್ಣಗೆ ಜುಮ್ಮೆನ್ನುವುದೂ ಉಂಟು. ಪರೀಕ್ಷೆಯು ಸುಲಭ: ಚಾರ್ಜರನ್ನು ಕಿತ್ತು ಬ್ಯಾಟರಿಯಿಂದಲೇ ನಡೆಸಿರಿ. ಬಾಣವು ಶಾಂತವಾದರೆ ದೋಷವಿರುವುದು ಲ್ಯಾಪ್‌ಟಾಪಿನಲ್ಲಲ್ಲ. ನಮ್ಮ ಬಯಲುಸೀಮೆಯಲ್ಲಿ ಬೇಸಗೆಯ ಹೊತ್ತಿಗೆ ಅರ್ತಿನ ಗುಂಡಿಯ ಮಣ್ಣು ಒಣಗಿ ಬಲಹೀನವಾಗುತ್ತದೆ. ಅದಕ್ಕೆ ಆಗಾಗ ನೀರು ಹಾಕತಕ್ಕದ್ದು. ಒಂದೇ ಸೂರಿನ ಕೆಳಗೆ ವಿದ್ಯುತ್ ಮಗ್ಗವನ್ನೂ ಸಂಸಾರವನ್ನೂ ಇಟ್ಟುಕೊಂಡವರು ಈ ಮಾತನ್ನು ಬಾಣದ ಸಲುವಾಗಿ ಮಾತ್ರವಲ್ಲ, ಮಕ್ಕಳ ಪ್ರಾಣದ ಸಲುವಾಗಿಯೂ ಗಮನಿಸಬೇಕು. ತಂತಿಯ ಕೆಲಸವನ್ನು ಬಲ್ಲ ಎಲೆಕ್ಟ್ರಿಷಿಯನ್ನನಿಂದಲೇ ಮಾಡಿಸಿರಿ.

ಬಾಣವು ಕೊಂಚವೂ ಚಲಿಸದೆ ನಿಂತರೆ, ಅರಿಯದೆ ಯಾರೋ ಅದನ್ನು ಆರಿಸಿರುವ ಸಂಭವವೇ ಹೆಚ್ಚು. ಕೀಲಿಮಣೆಯ ಮೇಲ್ಸಾಲಿನ ಎಫ್ 1ರಿಂದ ಎಫ್ 12ರವರೆಗಿನ ಕೀಲಿಗಳಲ್ಲೊಂದರ ಮೇಲೆ ಫಲಕದ ಚಿಕ್ಕ ಚಿತ್ರವಿದ್ದರೆ, ಎಫ್‌ಎನ್ ಎಂಬ ಕೀಲಿಯೊಡನೆ ಅದನ್ನು ಒಮ್ಮೆ ಒತ್ತಿರಿ. ಎಚ್‌ಪಿ ಕಂಪೆನಿಯ ಕೆಲವು ಹಳೆಯ ಯಂತ್ರಗಳಲ್ಲಿ ಫಲಕದ ಎಡ ಮೇಲ್ಮೂಲೆಯನ್ನು ಎರಡು ಸಲ ತಟ್ಟಬೇಕು. ಇಷ್ಟರಿಂದ ಆಗದಿದ್ದರೆ ವಿಂಡೋಸ್ ಕೀಲಿಯನ್ನು ಒತ್ತಿ, ಟಚ್‌ಪ್ಯಾಡ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಎಂಟರ್ ಒತ್ತಿದರೆ ಅದರ ಸೆಟ್ಟಿಂಗ್ಸ್ ತೆರೆಯುವುದು. ಅಲ್ಲಿ ಟ್ಯಾಬ್ ಕೀಲಿಯಿಂದ ಮುಂದುವರಿದು ಸ್ಪೇಸ್ ಕೀಲಿಯಿಂದ ಆನ್ ಮಾಡಬಹುದು. ಮೌಸು ಜೋಡಿಸಿದಾಗ ಫಲಕವು ತಾನೇ ಸುಮ್ಮನಾಗುವ ಏರ್ಪಾಡೂ ಅಲ್ಲಿಯೇ ಇರುವುದು. ಇದೇ ಎರಡು ಕೀಲಿಗಳಿಂದ ಅರ್ಜಿಯ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತ ಇಡೀ ಅರ್ಜಿಯನ್ನು ಸಾಮಾನ್ಯವಾಗಿ ತುಂಬಬಹುದೆಂಬುದನ್ನು ಬಾಲಿಕೆಯರು ಮರೆಯಬಾರದು. ನೆರೆಮನೆಯಿಂದ ಒಂದು ಮೌಸನ್ನು ಎರವಲು ತಂದರಂತೂ ಚಿಂತೆಯೇ ಇಲ್ಲ.

ಕೆಲವೊಮ್ಮೆ ವಿಂಡೋಸ್ ಹೊಸದಾದ ಮೇಲೆ ಡ್ರೈವರ್ ಎಂಬ ಮಧ್ಯಸ್ಥ ತಂತ್ರಾಂಶವು ಕೆಡುವುದುಂಟು. ಡಿವೈಸ್ ಮ್ಯಾನೇಜರಿನಲ್ಲಿ ಫಲಕದ ಹೆಸರನ್ನು ತೆಗೆದುಹಾಕಿ ಯಂತ್ರವನ್ನು ಪುನಃ ಹೊತ್ತಿಸಿದರೆ ವಿಂಡೋಸು ಸಾಧಾರಣವಾಗಿ ಅದನ್ನು ತಾನೇ ಮರಳಿ ಸ್ಥಾಪಿಸುತ್ತದೆ.

ಥಿಂಕ್‌ಪ್ಯಾಡ್ ಯಂತ್ರಗಳ ಕೀಲಿಮಣೆಯ ನಡುವೆ ಕೆಂಪು ಗುಂಡಿಯೊಂದಿರುವುದನ್ನು ಕೆಲವರು ಕಂಡಿರಬಹುದು. 1992ರಿಂದ ಬಂದಿರುವ ಈ ಗುಂಡಿಯು ಬೆರಳಿನ ನೂಕನ್ನು ಅಳೆಯುವುದೇ ಹೊರತು ಸ್ಪರ್ಶವನ್ನಲ್ಲ. ಬಾಣವು ತಾನಾಗಿಯೇ ಒಂದು ಕಡೆಗೆ ತೇಲುತ್ತಿದ್ದರೆ ಬೆರಳನ್ನು ತೆಗೆದು ಕೆಲವು ಸೆಕೆಂಡು ಕಾಯಿರಿ. ಅದು ತನ್ನ ನಡುವನ್ನು ತಾನೇ ಕಂಡುಕೊಳ್ಳುವುದು.

ಆದರೆ ಒಂದು ಚಿಹ್ನೆಯನ್ನು ಕಂಡಾಗ ಮನೆಮದ್ದು ಸಲ್ಲದು. ಫಲಕವು ಉಬ್ಬಿ ಮೇಲೆದ್ದರೆ, ಅಥವಾ ಮುಚ್ಚಳವು ಸರಿಯಾಗಿ ಕೂಡದೆ ಯಂತ್ರವು ಮೇಜಿನ ಮೇಲೆ ಅಲುಗಾಡಿದರೆ, ಕೆಟ್ಟಿರುವುದು ಫಲಕವಲ್ಲ. ಅನೇಕ ಲ್ಯಾಪ್‌ಟಾಪುಗಳಲ್ಲಿ ಅದರ ಕೆಳಗೇ ಇರುವ ಲಿಥಿಯಂ ಬ್ಯಾಟರಿಯು ಒಳಗೆ ಅನಿಲ ತುಂಬಿ ಊದಿಕೊಂಡಿರುವುದು. ಅದನ್ನು ಒತ್ತಿ ಕೂರಿಸಲು ನೋಡಬಾರದು. ಚುಚ್ಚಿದರೆ ಬೆಂಕಿ ಹತ್ತುವುದು. ಒಡನೆಯೇ ಯಂತ್ರವನ್ನು ಆರಿಸಿ, ಚಾರ್ಜರನ್ನು ಕಿತ್ತು, ಹಾಸಿಗೆ ಬಟ್ಟೆಗಳಿಂದ ದೂರವಾಗಿ ತಂಪಾದ ನೆಲದ ಮೇಲಿಡತಕ್ಕದ್ದು. ಇಂಥ ಸಮಯದಲ್ಲಿ ಬೆಂಗಳೂರಿಗೆ ಹೋಗಿ ಬರುವ ಬಸ್ಸಿನ ಖರ್ಚು ವ್ಯರ್ಥವಲ್ಲ. ಆಯಾ ಕಂಪೆನಿಯ ಸೇವಾಕೇಂದ್ರಕ್ಕೆ ಮೊದಲು ದೂರವಾಣಿಯಲ್ಲಿ ತಿಳಿಸಿ, ಅವರು ಹೇಳಿದಂತೆ ಒಯ್ದು ಹೊಸ ಬ್ಯಾಟರಿಯನ್ನು ಹಾಕಿಸಿರಿ. ಹಳೆಯದನ್ನು ಕಸದ ಗಾಡಿಗೆ ಹಾಕದೆ ಅಲ್ಲಿಯೇ ಒಪ್ಪಿಸಿ ಬನ್ನಿರಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಅಂಥವುಗಳ ವಿಲೇವಾರಿಯ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿರುವುವು.