ಡಿಜಿಟಲ್ ಕ್ಯಾಮೆರಾ: ಖರೀದಿಗೆ ಮುನ್ನ ಲೆಕ್ಕ

1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ನಿರ್ಮಿಸಿದ ಡಿಜಿಟಲ್ ಕ್ಯಾಮೆರಾದ ತೂಕ ಸುಮಾರು 3.6 ಕಿಲೋಗ್ರಾಂ, 10,000 ಪಿಕ್ಸೆಲ್‌ಗಳ ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು 23 ಸೆಕೆಂಡು ಬೇಕಾಗುತ್ತಿತ್ತು. 1994ರ ಆಪಲ್ ಕ್ವಿಕ್‌ಟೇಕ್ 100 ಕೈಗೆ ಹಗುರವಾದರೂ, 640×480 ಪಿಕ್ಸೆಲ್‌ನ 8 ಚಿತ್ರಗಳಿಗೇ ಅದರ ಮೆಮೊರಿ ಭರ್ತಿಯಾಗುತ್ತಿತ್ತು. 1995ರ ಕ್ಯಾಸಿಯೊ ಕ್ಯೂವಿ-10 ಸ್ಪಷ್ಟತೆಯನ್ನು 320×240ಕ್ಕೆ ಮಿತಗೊಳಿಸಿ 96 ಚಿತ್ರಗಳಿಗೆ ಸ್ಥಳ ಒದಗಿಸಿತು. ತೆಗೆದ ಚಿತ್ರವನ್ನು ಹಿಂಬದಿಯ ಪರದೆಯಲ್ಲಿಯೇ ತೋರಿಸಿತು.

ಆದುದರಿಂದ ಪಿಕ್ಸೆಲ್ ಒಂದನ್ನೇ ನೋಡದೆ ಮೆಮೊರಿ, ಬ್ಯಾಟರಿ ಹಾಗೂ ಪ್ರತಿ ಚಿತ್ರದ ವೆಚ್ಚವನ್ನೂ ತೂಗಬೇಕು. ಫಿಲ್ಮಿನಲ್ಲಿ ಚಿತ್ರಕ್ಕೊಂದು ಖರ್ಚು. ಡಿಜಿಟಲ್‌ನಲ್ಲಿ ಬಹುಪಾಲು ಖರ್ಚು ಖರೀದಿಯ ದಿನವೇ. ಫಿಲ್ಮಿನ ಲಾಭವನ್ನೇ ನೆಚ್ಚಿದ್ದ ಕೊಡಾಕ್ 2012ರಲ್ಲಿ ದಿವಾಳಿ ರಕ್ಷಣೆ ಕೋರಬೇಕಾಯಿತು.

ಹನುಮನಹಳ್ಳಿಯ ಛಾಯಾಗ್ರಾಹಕರಾಗಲಿ, ಕಿನ್ನಾಳದ ಗೊಂಬೆ ತಯಾರಕರಾಗಲಿ, ಕ್ಯಾಮೆರಾ ಹಳತಾಗುವ ಮುನ್ನ ಹಾಕಿದ ಹಣವನ್ನು ದುಡಿದುಕೊಡುವುದೇ ಎಂದು ಮೊದಲು ಲೆಕ್ಕ ಹಾಕುವುದು ಲೇಸು.