‘ಚೆನ್ನಾಗಿದೆ’ ಅಂದವರೆಲ್ಲ ಎದ್ದು ಹೋದ ಮೇಲೆ

ಒಂಟಿಕೊಪ್ಪಲಿನ ಅಜ್ಜಿ ಮನೆ ಹಾಲ್‌ನಲ್ಲಿ ಅವತ್ತು 8 ಜನ ಕೂತಿದ್ವಿ. ಚಿಕ್ಕಪ್ಪನ ಮಗಳು, ಅಂದ್ರೆ ನನ್ನ ತಂಗಿ, ಕಾಲೇಜಿನ ಸ್ಪರ್ಧೆಗೆ ಅಂತ ಮಾಡಿದ್ದ ತನ್ನ ಮೊದಲ ಕಿರುಚಿತ್ರವನ್ನು ಟಿವಿಗೆ ಹಾಕಿದ್ದಳು. ಒಟ್ಟು 14 ನಿಮಿಷ. ಮುಗಿದು ಲೈಟ್ ಹಾಕಿದಾಗ ಎಲ್ಲರದ್ದೂ ಒಂದೇ ಮಾತು: ‘ಚೆನ್ನಾಗಿದೆ ಕಣೇ.’ ಅತ್ತೆ ಅವಳ ತಲೆ ಸವರಿ ಕಾಫಿ ಮಾಡಕ್ಕೆ ಒಳಗೆ ಹೋದ್ರು. ಹತ್ತು ನಿಮಿಷದಲ್ಲಿ ಹಾಲ್ ಖಾಲಿ. ತಂಗಿ ನನ್ನ ಪಕ್ಕ ಬಂದು ಕೂತು, ‘ಅಣ್ಣ, ಯಾರಿಗೂ ಕಥೆ ಅರ್ಥ ಆಗಿಲ್ಲ ಅಲ್ವಾ?’ ಅಂದ್ಳು.

ನನಗೂ ಹಾಗೇ ಅನ್ನಿಸಿತ್ತು. ನಾನು ಟಿವಿಗಿಂತ ಹೆಚ್ಚಾಗಿ ನೋಡುವವರ ಮುಖಗಳನ್ನೇ ನೋಡ್ತಿದ್ದೆ. ಸಾಫ್ಟ್‌ವೇರ್ ಕೆಲಸ ಕಲಿಸಿದ ಅಭ್ಯಾಸ ಅದು. ನಾವು ಕಷ್ಟಪಟ್ಟು ಮಾಡಿದ ಪೇಜ್ ಮುಂದೆ ಯಾರನ್ನಾದರೂ ಕೂರಿಸಿದ್ರೆ, ಅವರು ಬಾಯಲ್ಲಿ ‘ಸೂಪರ್’ ಅಂತಾರೆ, ಬೆರಳು ಮಾತ್ರ ಬಟನ್ ಎಲ್ಲಿದೆ ಅಂತ ಹುಡುಕ್ತಾ ಇರುತ್ತೆ. ಇಲ್ಲಿಯೂ ಎರಡನೇ ನಿಮಿಷಕ್ಕೇ ಮೂರು ಜನರ ಕೈ ಮೊಬೈಲ್ ಕಡೆ ಹೋಗಿತ್ತು.

ಕಥೆ ಚಿಕ್ಕದು. ಒಬ್ಬರೇ ಇರುವ ಒಬ್ಬ ಅಜ್ಜಿ ಪ್ರತಿ ಯುಗಾದಿಗೆ ಎರಡು ಒಂಟಿಕೊಪ್ಪಲ್ ಪಂಚಾಂಗ ತರ್ತಾರೆ. ಒಂದು ಮನೆಗೆ, ಇನ್ನೊಂದು ಅಮೆರಿಕದಲ್ಲಿರುವ ಮಗನಿಗೆ ಕಳಿಸೋಕೆ. ಈ ವರ್ಷ ಮಗ ಫೋನ್ ಮಾಡಿ, ‘ಬೇಡಮ್ಮ, ಎಲ್ಲ ಆ್ಯಪ್‌ನಲ್ಲೇ ಇದೆ’ ಅಂತಾನೆ. ಅಷ್ಟೇ. ಪಂಚಾಂಗ ನೋಡದೆ ಯಾವ ಕೆಲಸಕ್ಕೂ ಕೈ ಹಾಕದ ನಮ್ಮಜ್ಜಿಯೇ ನಾಯಕಿ.

ತಂಗಿಗೆ ಈ ಹುಚ್ಚು ಹತ್ತಿದ್ದು 2024ರ ಮೇ ತಿಂಗಳಲ್ಲಿ. ಆಗ ಕಾನ್ ಚಿತ್ರೋತ್ಸವದಲ್ಲಿ ಚಿದಾನಂದ ಎಸ್. ನಾಯ್ಕ್ ಅವರ ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’ ಎಂಬ ಕನ್ನಡ ಕಿರುಚಿತ್ರಕ್ಕೆ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಬಂತು. ಜಗತ್ತಿನ ಸಿನಿಮಾ ಶಾಲೆಗಳ ವಿದ್ಯಾರ್ಥಿಗಳಿಗೆ ಅಂತಲೇ ಇರುವ ವಿಭಾಗ ಅದು. ಆ ವರ್ಷ 555 ಶಾಲೆಗಳಿಂದ ಬಂದಿದ್ದ 2,263 ಚಿತ್ರಗಳಲ್ಲಿ ಆಯ್ಕೆಯಾಗಿದ್ದು 18. ಚಿದಾನಂದ್ ನಮ್ಮ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದಿ ಡಾಕ್ಟರ್ ಆದವರು. ಆಮೇಲೆ ಪುಣೆಯ ಎಫ್‌ಟಿಐಐನಲ್ಲಿ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸ್ ಸೇರಿದ್ರು. ವರ್ಷದ ಕೊನೆಯಲ್ಲಿ ನಿರ್ದೇಶನ, ಕ್ಯಾಮೆರಾ, ಸಂಕಲನ, ಧ್ವನಿ ವಿಭಾಗಗಳಿಂದ ಒಬ್ಬೊಬ್ಬರು ಸೇರಿ ಮಾಡುವ ಅಭ್ಯಾಸದ ಚಿತ್ರ ಅದು. ಅಜ್ಜಿಯೊಬ್ಬಳು ಊರಿನ ಕೋಳಿ ಹುಂಜ ಕದ್ದು ಹೋಗಿ, ಊರಿಗೆ ಬೆಳಕೇ ಹರಿಯದ ನಮ್ಮ ಜಾನಪದ ಕಥೆ. 16 ನಿಮಿಷದ ಚಿತ್ರ, ಚಿತ್ರೀಕರಣಕ್ಕೆ ಸಿಕ್ಕಿದ್ದು 4 ದಿನ.

‘ಅವರಿಗೆ 4 ದಿನ ಸಾಕಾದ್ರೆ ನನಗೆ 2 ದಿನ ಸಾಕು’ ಅನ್ನೋದು ತಂಗಿ ಲೆಕ್ಕ. ಆ 4 ದಿನದ ಹಿಂದೆ ಎಷ್ಟು ತಯಾರಿ ಇರುತ್ತೆ ಅನ್ನೋದು ಈ ಲೆಕ್ಕದಲ್ಲಿ ಇರಲಿಲ್ಲ. ಅವಳ ಪ್ಲಾನ್ ಅಂದ್ರೆ ನೋಟ್‌ಬುಕ್‌ನ ಒಂದು ಪುಟ. ಬೆಳಿಗ್ಗೆ 5 ಗಂಟೆಗೆ ಎದ್ದು ವೆಂಕಟರಮಣಸ್ವಾಮಿ ದೇವಸ್ಥಾನದ ಬೀದಿ, ಚೆಲುವಾಂಬ ಪಾರ್ಕು, ರಂಗೋಲಿ, ಹಾಲಿನವನು, ಎಲ್ಲ ತೆಗೆದಿದ್ದಳು. ಅದೇ 2 ನಿಮಿಷ ಓಡ್ತಿತ್ತು. ಅಜ್ಜಿ ಕವರ್ ಮೇಲೆ ಮಗನ ವಿಳಾಸ ಬರೆಯೋದು ಪ್ಲಾನ್‌ನಲ್ಲಿ ಇತ್ತು, ‘ಟೈಮ್ ಆಗ್ಲಿಲ್ಲ’ ಅಂತ ಬಿಟ್ಟಿದ್ದಳು. (ಧ್ವನಿ ಬಗ್ಗೆ ಒಂದು ಮಾತು: ಮನೇಲಿ ಶೂಟ್ ಮಾಡೋರು ಫ್ಯಾನ್ ಜೊತೆ ಫ್ರಿಜ್ಜನ್ನೂ ಆಫ್ ಮಾಡಿ. ಮತ್ತೆ ಆನ್ ಮಾಡೋಕೆ ಮರೀಬೇಡಿ. ನಮ್ಮಜ್ಜಿ ಹಾಲು ಒಡೆದುಹೋಗಿ ನಾನು ಬೈಸ್ಕೊಂಡಿದ್ದೀನಿ.)

ಮೊದಲ ಪ್ರದರ್ಶನದಿಂದ ನಾವು ಕಲಿತದ್ದು ಒಂದೇ. ‘ಹೇಗಿದೆ?’ ಅಂತ ಕೇಳಿದ್ರೆ ಪ್ರೀತಿ ಇರೋರು ಪ್ರೀತಿಯನ್ನೇ ಕೊಡ್ತಾರೆ. ಮುಂದಿನ ವಾರ ಅವಳ 6 ಜನ ಸಹಪಾಠಿಗಳನ್ನು ಕರೆಸಿದ್ವಿ. ಕಥೆ ಮೊದಲೇ ಗೊತ್ತಿದ್ದವರು ಬೇಡ ಅಂತ ನಾನು ಹಟ ಹಿಡಿದೆ. ಒಂದು ಸಲ ನೋಡಿದವರು ಎರಡನೇ ಸಲ ಹೊಸಬರಾಗಿ ನೋಡೋಕೆ ಆಗಲ್ಲ. ಮುಗಿದ ಕೂಡಲೇ, ಒಬ್ಬರ ಜೊತೆ ಒಬ್ಬರು ಮಾತಾಡುವ ಮೊದಲೇ ಚೀಟಿ ಕೊಟ್ಟು ಎರಡೇ ಪ್ರಶ್ನೆ ಕೇಳಿದೆ. ಕಥೆ ಏನು, ಮೂರು ಸಾಲಲ್ಲಿ ಬರೀರಿ. ಎಲ್ಲಿ ಬೇಜಾರಾಯ್ತು?

ಎರಡನೇ ಪ್ರಶ್ನೆಗೆ 4 ಜನ ಬರೆದದ್ದು ಫೋನ್ ಸೀನ್. ‘ಎಳೆದಾಡಿದ್ದೀರಿ.’ ತಂಗಿ ಅಂದೇ ರಾತ್ರಿ ಡಾವಿಂಚಿ ರಿಸಾಲ್ವ್‌ನಲ್ಲಿ ಕೂತು 2 ನಿಮಿಷದ ಆ ದೃಶ್ಯವನ್ನು 50 ಸೆಕೆಂಡಿಗೆ ಇಳಿಸಿದಳು. ನೋಡಿದ್ರೆ ಇನ್ನೂ ಕೆಟ್ಟದಾಗಿತ್ತು. ಮಗ ‘ಬೇಡಮ್ಮ’ ಅಂದ, ಅಜ್ಜಿ ಫೋನ್ ಇಟ್ಟರು, ಮುಗೀತು. ‘ನನಗೆ ಇದೆಲ್ಲ ಬರಲ್ಲ, ಸ್ಪರ್ಧೆಗೆ ಕಳಿಸಲ್ಲ’ ಅಂತ ಲ್ಯಾಪ್‌ಟಾಪ್ ಮುಚ್ಚಿದಳು.

ಆಗ ನನಗೆ ನೆನಪಾಗಿದ್ದು ವಾಲ್ಟರ್ ಮರ್ಚ್. ‘ಅಪಾಕಲಿಪ್ಸ್ ನೌ’ ಚಿತ್ರದ ಸಂಕಲನಕಾರರಲ್ಲೊಬ್ಬರು. ‘ಇನ್ ದ ಬ್ಲಿಂಕ್ ಆಫ್ ಆ್ಯನ್ ಐ’ ಎಂಬ ಪುಟ್ಟ ಪುಸ್ತಕದಲ್ಲಿ ಅವರು ಇದಕ್ಕೆ ಡಾಕ್ಟರ ಹೋಲಿಕೆ ಕೊಡ್ತಾರೆ. ರೋಗಿ ಮೊಣಕೈ ನೋವು ಅಂತಾನೆ, ನರ ಸಿಕ್ಕಿಹಾಕಿಕೊಂಡಿರೋದು ಭುಜದಲ್ಲಿ. ಗೊತ್ತಿಲ್ಲದ ಡಾಕ್ಟರು ಮೊಣಕೈಗೇ ಕತ್ತರಿ ಹಾಕ್ತಾನೆ. ಪ್ರೇಕ್ಷಕರೂ ಹಾಗೇ, ನೋವು ಕಂಡ ಜಾಗ ತೋರಿಸ್ತಾರೆ. ನಮ್ಮ ಕೆಲಸದಲ್ಲೂ ಬಗ್ ಕಾಣಿಸೋ ಜಾಗ ಒಂದು, ಹುಟ್ಟೋ ಜಾಗ ಇನ್ನೊಂದು.

ಹಾಗಾಗಿ ಮೊದಲನೇ ಪ್ರಶ್ನೆಯ ಉತ್ತರಗಳನ್ನ ನೆಲದ ಮೇಲೆ ಹರಡಿಕೊಂಡು ಕೂತ್ವಿ. ಮೂರು ಜನ, ಎರಡನೇ ಪಂಚಾಂಗ ತೀರಿಹೋದ ಗಂಡನಿಗೆ ಅಂತ ತಿಳ್ಕೊಂಡಿದ್ರು. ಒಬ್ಬ, ಅಜ್ಜಿಗೆ ಮರೆವಿನ ಕಾಯಿಲೆ, ತಂದಿದ್ದನ್ನೇ ಮತ್ತೆ ತರ್ತಾರೆ ಅಂತ ಬರೆದಿದ್ದ! ಗ್ರಂಥಿಗೆ ಅಂಗಡಿಯಲ್ಲಿ ಅಜ್ಜಿ ‘ಎರಡು ಕೊಡಪ್ಪ’ ಅಂದಿದ್ದು ಎಲ್ಲರಿಗೂ ಕೇಳಿಸಿತ್ತು, ಯಾಕೆ ಎರಡು ಅಂತ ಯಾರಿಗೂ ಹೇಳಿರಲಿಲ್ಲ. ಮಗ ಏನನ್ನು ಬೇಡ ಅಂತಿದ್ದಾನೆ ಅಂತ ಗೊತ್ತಿಲ್ಲದವರಿಗೆ ಆ ಫೋನ್ ಮಾತು ಉದ್ದ ಅನ್ನಿಸದೆ ಇನ್ನೇನಾಗುತ್ತೆ?

ಬೇಕಾಗಿದ್ದು, ಅವತ್ತು ಟೈಮ್ ಆಗ್ಲಿಲ್ಲ ಅಂತ ಬಿಟ್ಟಿದ್ದ ಆ ಶಾಟ್. ಮುಂದಿನ ಭಾನುವಾರ ಮತ್ತೆ ಕ್ಯಾಮೆರಾ ಇಟ್ವಿ. ಈ ಸಲ ಅದೇ ಸೀರೆ, ಅದೇ ಕಿಟಕಿ ಬೆಳಕು ಸಿಗಬೇಕು ಅಂತ ಹಳೇ ಫೂಟೇಜ್ ನೋಡಿ ಬರ್ಕೊಂಡೇ ಕೂತಿದ್ವಿ. ಮೊದಲ ದಿನ ಮಾವ ಒಬ್ಬರು ಮಾತ್ರ ತಕರಾರು ತೆಗೆದಿದ್ರು, ‘ಅಮೆರಿಕಕ್ಕೆ ಯಾಕಮ್ಮ ಕಳಿಸೋದು, ಇಲ್ಲಿನ ಸೂರ್ಯೋದಯ ಅಲ್ಲಿಗೆ ಹೊಂದಲ್ಲ’ ಅಂತ. ನಾವೆಲ್ಲ ನಕ್ಕಿದ್ವಿ. ಆದರೆ ಮಾತು ಸರಿ ತಾನೇ? ತಂಗಿ ಆ ಪ್ರಶ್ನೆಯನ್ನ ಪಕ್ಕದ ಮನೆ ಹುಡುಗಿ ಬಾಯಲ್ಲಿ ಇಟ್ಟಳು. ಅಜ್ಜಿ ಕವರ್ ಮೇಲೆ ವಿಳಾಸ ಬರೀತಾ, ಯಾರೂ ಹೇಳಿಕೊಡದೇ ಉತ್ತರ ಕೊಟ್ರು: ‘ಅಲ್ಲಿ ಸೂರ್ಯ ಯಾವಾಗ ಹುಟ್ಟಿದ್ರೆ ನಂಗೇನು? ಇಲ್ಲಿ ಯಾವಾಗ ಹುಟ್ತಾನೆ ಅಂತ ಅವನಿಗೆ ಗೊತ್ತಿರಲಿ.’

40 ಸೆಕೆಂಡಿನ ಈ ದೃಶ್ಯ ಸೇರಿಸಿ, ಫೋನ್ ಸೀನನ್ನ ಮೊದಲಿನ ಹಾಗೇ 2 ನಿಮಿಷಕ್ಕೆ ತಂದ್ವಿ. ಮುಂಜಾವಿನ ಬೀದಿಗಳು 15 ಸೆಕೆಂಡಿಗೆ ಬಂದವು. ತಂಗಿಗೆ ಅದು ಕರುಳು ಕಿತ್ತ ಹಾಗಾಯ್ತು, ಪಾಪ. ನಾನೂ ಒತ್ತಾಯ ಮಾಡಿದೆ ಅನ್ನಿ. ಮೂರನೇ ಗುಂಪಿನ 7 ಜನರಲ್ಲಿ ಒಬ್ಬರೂ ಫೋನ್ ಸೀನ್ ಉದ್ದ ಅನ್ನಲಿಲ್ಲ.

ಇಷ್ಟಾದರೂ ಅಜ್ಜಿ ಚಿತ್ರ ನೋಡಿರಲಿಲ್ಲ. ‘ನನ್ನ ಮುಖ ನಾನೇನು ನೋಡೋದು’ ಅಂತ ಪ್ರತಿ ಸಲ ದೇವಸ್ಥಾನಕ್ಕೆ ಎದ್ದು ಹೋಗ್ತಿದ್ರು. ಕೊನೆಗೆ ಬಲವಂತವಾಗಿ ಕೂರಿಸಿದ್ವಿ. ಕೊನೇ ದೃಶ್ಯದಲ್ಲಿ ಅಜ್ಜಿ ಕವರನ್ನ ಬೀರುವಿನಲ್ಲಿ ಇಡ್ತಾರೆ, ಕಣ್ಣಿಂದ ನೀರು ಇಳಿಯುತ್ತೆ. ನೋಡಿದ ಪ್ರತಿ ಗುಂಪಿಗೂ ತುಂಬಾ ಹಿಡಿಸಿದ್ದ ದೃಶ್ಯ. ಅಜ್ಜಿ ಕನ್ನಡಕ ತೆಗೆದು, ‘ಇದನ್ನ ತೆಗೆದುಬಿಡು ಪುಟ್ಟಿ’ ಅಂದ್ರು.

‘ಯಾಕಜ್ಜಿ? ಎಲ್ರೂ ಅದನ್ನೇ ಹೊಗಳಿದ್ದು!’

‘ಅದು ನೀವು ಗ್ಲಿಸರಿನ್ ಹಾಕಿದ್ದಕ್ಕೆ ಬಂದ ನೀರು. ಇವನು ಬೇಡ ಅಂದಾಗ ನಾನೇನು ಅತ್ತಿರಲಿಲ್ಲ. ಸಿಟ್ಟು ಬಂದಿತ್ತು.’

ಇವನು ಅಂದ್ರೆ ನಾನು. ಎರಡು ವರ್ಷದ ಹಿಂದೆ ಬೆಂಗಳೂರಿಗೆ ಹೊರಟವನ ಬ್ಯಾಗಿಗೆ ಪಂಚಾಂಗ ಇಡೋಕೆ ಬಂದಾಗ, ‘ಆ್ಯಪ್ ಇದೆ ಅಜ್ಜಿ’ ಅಂದಿದ್ದೆ. ನನಗೆ ಮರೆತೇ ಹೋಗಿತ್ತು. ಕಥೆ ಎಲ್ಲಿಂದ ಬಂತು ಅಂತ ತಂಗಿಯನ್ನ ನಾನು ಒಂದು ಸಲವೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಬೀದಿ ಶಾಟ್ ಕತ್ತರಿಸು, ಕವರ್ ಶಾಟ್ ಸೇರಿಸು ಅಂತ ತಿಂಗಳುಗಟ್ಟಲೆ ಉಪದೇಶ ಮಾಡ್ತಿದ್ದವನು ಅವತ್ತು ಸುಮ್ಮನೆ ಕೂತೆ.

ತಂಗಿ ಎರಡು ದಿನ ಯೋಚನೆ ಮಾಡಿ ಕಣ್ಣೀರು ತೆಗೆದಳು. ಈಗ ಅಜ್ಜಿ ಫೋನನ್ನ ಮಗುಚಿ ಹಾಕಿ, ಖಾಲಿ ಮನೆಗೆಲ್ಲ ಕೇಳುವ ಹಾಗೆ ಅವತ್ತಿನ ತಿಥಿ, ನಕ್ಷತ್ರ ಗಟ್ಟಿಯಾಗಿ ಓದ್ತಾರೆ. ಹಳೇ ಆವೃತ್ತಿ ನೋಡಿದ್ದವರಲ್ಲಿ ಮೂವರು ‘ಆ ಸೀನ್ ಯಾಕೆ ತೆಗೆದ್ರಿ’ ಅಂತ ಈಗಲೂ ಕೇಳ್ತಾರೆ. ಅವರು ಹೇಳೋದು ತಪ್ಪೂ ಅಲ್ಲ, ಕಣ್ಣೀರಿದ್ದಿದ್ರೆ ಹೆಚ್ಚು ಜನಕ್ಕೆ ಬೇಗ ಮುಟ್ತಿತ್ತೇನೋ. 11 ನಿಮಿಷದ ಆ ಚಿತ್ರಕ್ಕೆ ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ.

ಈ ಯುಗಾದಿಗೆ ಒಂಟಿಕೊಪ್ಪಲಿಗೆ ಹೋದಾಗ ಅಜ್ಜಿ ಎಂದಿನಂತೆ ಎರಡು ಪಂಚಾಂಗ ತಂದಿಟ್ಟಿದ್ರು. ಹೊರಡುವಾಗ ನಾನೇ ಕೇಳಿ ಒಂದನ್ನ ಇಸ್ಕೊಂಡೆ.

‘ಯಾಕೋ, ಆ್ಯಪ್ ಏನಾಯ್ತು?’ ಅಂದ್ರು.

ಬಾಗಿಲ ಹತ್ರ ನಿಂತಿದ್ದ ತಂಗಿ ಅಷ್ಟರಲ್ಲೇ ಮೊಬೈಲ್ ತೆಗೆದು ರೆಕಾರ್ಡ್ ಮಾಡೋಕೆ ಶುರು ಮಾಡಿದ್ದಳು.